‘ಹೊಡಿ’ ಅನ್ನುವ ಮನೆ

ಮುಳುಗದ ಸೂರ್ಯ

ಬೋರಗಾಂವದಿಂದ ಆಫ್ರಿಕಾಕ್ಕೆ ಕಾಲಿಟ್ಟ ಮೊದಲ ಹೆಣ್ಣುಮಗಳು ನಾನೇ. ಎರಡನೆಯವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ವಿಮಾನದ ಮೆಟ್ಟಿಲಲ್ಲಿ ಆಯಿ ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ನಿಂತಾಗ ನಾನು ಬೇಕೆಂದೇ ಜಿಗಿದು ಮೊದಲು ಇಳಿದೆ. ಆದ್ದರಿಂದ ಇದರಲ್ಲಿ ತಕರಾರಿಲ್ಲ. ನಮ್ಮ ಸುಜಾತಾ ಕಾಕಿ ನಮಗಿಂತ ಮೊದಲೇ ಹೋಗಿದ್ದಳು, ನಿಜ. ಆದರೆ ಅವಳು ಹುಟ್ಟಿದ್ದು ಐನಾಪುರದಲ್ಲಿ. ಬೋರಗಾಂವದ ಲೆಕ್ಕಕ್ಕೆ ಬರುವುದಿಲ್ಲ.

ನಾವು ಹೋದದ್ದು ಆ ಕಾಕಿಯ ಸಲುವಾಗಿಯೇ. ಮಹಾವೀರ ಕಾಕಾ ರಾಯಬಾಗದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದಿಸಿ ಹರಳು ಕಟ್ಟಿಸುವ ಕೆಲಸ ಮಾಡುತ್ತಿದ್ದ. ಆ ಕೆಲಸ ಬಲ್ಲವರಿಗೆ ಆಫ್ರಿಕಾದಲ್ಲಿ ಬಹಳ ಬೇಡಿಕೆಯಂತೆ. ಜಾಂಜಿಬಾರ್ ಎಂಬ ದ್ವೀಪದ ಒಂದು ಕಾರ್ಖಾನೆ ಅವನನ್ನು ಕರೆಸಿಕೊಂಡಿತು. ಇರಲು ಸಮುದ್ರದ ದಂಡೆಯ ಹಳೇ ಮನೆಯೊಂದರ ಮಹಡಿಯನ್ನೂ ಕೊಟ್ಟಿತು. ಕಾಕಿ ಹೋಗಿ ಅವನನ್ನು ಸೇರಿಕೊಂಡಳು. ಅವಳು ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ನಿಂತಿತ್ತು, ಏಳನೆಯ ತಿಂಗಳು ನಡೆದಿತ್ತು. ಅಷ್ಟರಲ್ಲಿ ಫೋನ್ ಬಂತು.

“ಅತ್ತಿ, ಬಂದ ನನ್ನ ಕರಕೊಂಡ ಹೋಗ್ರಿ,” ಎಂದು ಕಾಕಿ ಅತ್ತಳು. “ಈ ಮನ್ಯಾಗ ನಾ ಹಡಿಯಂಗಿಲ್ಲ. ಯಾರೋ ನನ್ನ ಹೊಡಿ ಹೊಡಿ ಅನ್ನಾಕತ್ತಾರ.”

ಕಾಕಾ ಫೋನ್ ಕಸಿದುಕೊಂಡು, “ಏನೂ ಇಲ್ಲವ್ವಾ. ಒಬ್ಬಾಕಿನ ಇರ್ತಾಳ, ಮನಸಿಗೆ ಹಚ್ಚಕೊಂಡಾಳ. ದವಾಖಾನಿ ಇಲ್ಲೇ ಬಾಜೂಕ ಐತಿ. ನನಗ ರಜಾ ಇಲ್ಲ. ಈಗ ಊರಿಗೆ ಹೋದ್ಲಂದ್ರ ಕೂಸಿನ ಮಾರಿ ನಾ ನೋಡೂದು ಎರಡ ವರ್ಷಕ್ಕ,” ಎಂದ.

ಇನ್ನೊಂದು ತಿಂಗಳು ಕಳೆದರೆ ಅವಳನ್ನು ವಿಮಾನ ಹತ್ತಿಸುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಕಾಕಿ ಅಲ್ಲೇ ಇರಬೇಕೋ, ನಮ್ಮ ಜೊತೆ ಬರಬೇಕೋ ಎಂಬುದನ್ನು ಆಯಿ ಹೋಗಿ, ಮನೆ ನೋಡಿ, ತೀರ್ಮಾನಿಸುವುದು ಎಂದಾಯಿತು. ನನ್ನನ್ನು ಕಳಿಸಿದ್ದು ಇಂಗ್ಲಿಷ್ ಬರುತ್ತದೆಂದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಬಂದಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು.

ನಾವು ಜೈನರು. ಆಯಿ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವುದಿಲ್ಲ. ಮುಂಬಯಿಯಿಂದ ಮಧ್ಯಾಹ್ನ ಹಾರಿದೆವು. ಸಂಜೆಯಾಯಿತೆಂದು ಆಯಿ ಗಂಟು ಬಿಚ್ಚಿ ಅವಸರದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ತಿಂದು, ಬಾಯಿ ತೊಳೆದು, ಕೈಮುಗಿದು ಕೂತಳು. ಸೂರ್ಯ ಕಿಟಕಿಯಲ್ಲಿ ಹಾಗೇ ಇದ್ದ. ನಾವು ಅವನ ಬೆನ್ನು ಹತ್ತಿ ಪಶ್ಚಿಮಕ್ಕೆ ಹಾರುತ್ತಿದ್ದೆವಲ್ಲ! ಎಷ್ಟು ಹೊತ್ತಾದರೂ ಅಲ್ಲೇ.

“ತ್ರಿಶಲಾ, ಇಂವಾ ಯಾಕ ಮುಳಗವಲ್ಲ?”

“ನಿನ್ನ ಊಟಾ ಮುಗಿಲಿ ಅಂತ ನಿಂತಾನ ಆಯಿ.”

“ಹಂಗಾರ ಇನ್ನೊಂದ ರೊಟ್ಟಿ ಕೊಡ.”

ಹೀಗೆ ಆಯಿ ಒಂದೇ ಸಂಜೆಯಲ್ಲಿ ಮೂರು ಸಲ ಊಟ ಮಾಡಿದಳು. ಪಕ್ಕದ ಸೀಟಿನ ಆಫ್ರಿಕಾದ ಯಜಮಾನರೊಬ್ಬರು ಆಸೆಯಿಂದ ನೋಡಿದರೆಂದು ಅವರಿಗೂ ಹಿಂಡಿ ಕೊಟ್ಟಳು. ಅವರು ನೈರೋಬಿ ಬರುವವರೆಗೂ ಕಣ್ಣೊರೆಸಿಕೊಂಡರು. ತಾಯ್ನಾಡು ಹತ್ತಿರ ಬಂತೆಂದು ಇರಬೇಕು.

ಆನೆಯ ಬಾಗಿಲು

ನಿಪ್ಪಾಣಿಯ ಹಳೇ ವಾಡೆಗಳ ಬಾಗಿಲು ನೋಡಿ ಬೆಳೆದವಳು ನಾನು. ಬಾಗಿಲೆಂದರೆ ನನಗೆ ಹೊಸದಲ್ಲ. ಆದರೆ ಈ ಬಾಗಿಲ ಮುಂದೆ ನಿಂತಾಗ ಬಾಯಿ ಮುಚ್ಚಿತು. ನನ್ನ ಬಾಯಿ ಮುಚ್ಚಿತೆಂದರೆ ಬಾಗಿಲು ಎಷ್ಟು ದೊಡ್ಡದೆಂದು ನೀವೇ ಊಹಿಸಿ.

ಎರಡಾಳು ಎತ್ತರ, ಹೊಗೆಗೆ ಕಪ್ಪಾದಂಥ ಮರ. ಇಡೀ ಬಾಗಿಲಿಗೆ ಸಾಲುಸಾಲಾಗಿ ಹಿತ್ತಾಳೆಯ ಮೊಳೆಗಳು. ಒಂದೊಂದೂ ನನ್ನ ಮುಷ್ಟಿಯಷ್ಟು, ತುದಿ ಚೂಪು. ಚೌಕಟ್ಟಿನ ಬುಡದಲ್ಲಿ ಮೀನು ಕೆತ್ತಿದ್ದಾರೆ, ಅದರ ಮೇಲೆ ನೀರಿನ ಅಲೆ, ಅಲೆಯಿಂದ ಹೊರಟ ಒಂದು ಸರಪಳಿ ಬಾಗಿಲ ಸುತ್ತ ಹೋಗಿ ಮತ್ತೆ ನೀರಿಗೇ ಇಳಿಯುತ್ತದೆ.

“ಈ ಮೊಳಿ ಆನಿ ಬರಬಾರ್ದಂತ,” ಎಂದ ಕಾಕಾ, ತಾನೇ ಬಡಿದವನಂತೆ. “ನಮ್ಮ ಕಡೆ ಕ್ವಾಟಿ ಬಾಗಲಕ್ಕ ಇರ್ತಾವಲ್ಲ, ಹಂಗ. ಹಿಂದೂಸ್ತಾನದ ಬಡಿಗ್ಯಾರ ಬಂದ ಮಾಡ್ಯಾರಂತ.”

“ಇಲ್ಲೆ ಆನಿ ಅದಾವ?”

“ದ್ವೀಪದಾಗ ಎಲ್ಲಿ ಆನಿ ಅವ್ವಾ?”

ಆಯಿ ಮೊಳೆಯೊಂದರ ತುದಿ ಮುಟ್ಟಿ ನೋಡಿದಳು. “ಮತ್ತ ಯಾರ ಬರಬಾರ್ದಂತ ಇಷ್ಟ ಬಡದಾರೋ?”

ಕಾಕಾ ಚೀಲ ಎತ್ತಿಕೊಂಡ.

ಹೊಸ್ತಿಲಲ್ಲಿ ಆಯಿ ನಿಂತಳು. ಬಸದಿಗೆ ಹೋಗುವಾಗ ಮಾಡುವಂತೆ ಕೈಮುಗಿದು, “ನಿಸ್ಸಹಿ, ನಿಸ್ಸಹಿ, ನಿಸ್ಸಹಿ,” ಎಂದಳು. ಎಲ್ಲೇ ಹೋದರೂ ಆ ಜಾಗದಲ್ಲಿ ಕಣ್ಣಿಗೆ ಕಾಣದವರು ಮೊದಲೇ ಇರುತ್ತಾರೆ, ಅವರನ್ನು ಕೇಳಿ ಒಳಗೆ ಹೋಗಬೇಕು ಎಂಬುದು ಅದರ ಅರ್ಥ. ಹೊರಡುವಾಗ “ಅಸ್ಸಹಿ” ಎಂದು ಹೇಳಿ ಜಾಗ ಅವರಿಗೆ ಒಪ್ಪಿಸಬೇಕು. ಬಸದಿಯಲ್ಲಿ ನಾನೂ ಹೇಳುತ್ತೇನೆ, ಬಾಯಿಪಾಠ. ಬಾಡಿಗೆ ಮನೆಗೂ ಹೇಳುವುದನ್ನು ಅಂದೇ ನೋಡಿದ್ದು.

“ಆಯಿ, ಒಳಗ ಇರಾಂವ ನಿನ್ನ ಮಗಾನ. ಅವಂಗೇನ ಕೇಳ್ತಿ?”

“ಅಂವಾ ಮೊನ್ನೆ ಬಂದಾಂವ. ಮನಿ ಹಳೇದೈತಿ. ನೀನೂ ಅನ್ನ.”

ನಾನು ಅನ್ನಲಿಲ್ಲ. ಕಾಲೇಜಿಗೆ ಹೋಗುವವಳು ನಾನು.

ಒಳಗೆ ಕತ್ತಲೆ. ಹೊರಗಿನ ಬಿಸಿಲು ಹೊಸ್ತಿಲ ಮೇಲೇ ಕೂತುಬಿಟ್ಟಿತ್ತು. ಕೆಳಮನೆ ಪೂರ್ತಿ ಖಾಲಿ. ಹಳೇ ಲವಂಗದ ವಾಸನೆ, ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ ಬರುತ್ತದಲ್ಲ, ಅದೇ. ನಡುವೆ ಬಾವಿಯಂಥ ಅಂಗಳ, ಮೇಲೆ ಒಂದು ತುಂಡು ಮೋಡ. ಅಂಗಳದ ಆಚೆ ಉದ್ದನೆಯ ಓಣಿಯಂಥ ದಾರಿ. ಅದರ ತುದಿಗೆ ಇನ್ನೊಂದು ಬಾಗಿಲು. ಅದಕ್ಕೆ ಅಡ್ಡ ಹಲಗೆ ಬಡಿದಿದ್ದರು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಬರುತ್ತಿತ್ತು, ಮತ್ತು ಆ ಬೆಳಕು ಅಲ್ಲಾಡುತ್ತಿತ್ತು.

“ಅದರಾಚೆ ಪಾವಟಗಿ, ಆಮ್ಯಾಲ ಸಮುದ್ರ,” ಎಂದ ಕಾಕಾ. “ಮೊದಲ ಹಡಗ ಸೀದಾ ಆ ಬಾಗಲಕ್ಕ ಬರ್ತಿದ್ದೂವಂತ. ಈಗ ಬಂದ್.”

ಮಹಡಿಯ ಮೆಟ್ಟಿಲು ಒಂದು ಎತ್ತರ, ಒಂದು ಗಿಡ್ಡ. ಮೇಲೆ ಕಾಕಿ ಕಾಯುತ್ತಿದ್ದಳು. ಹೊಟ್ಟೆಯೊಂದು ಮುಂದೆ ಬಂದಿತ್ತು, ಉಳಿದ ಕಾಕಿ ಅರ್ಧವಾಗಿದ್ದಳು. ಅವಳ ಚೀಲಗಳು ಕಟ್ಟಿ ಸಾಲಾಗಿ ಇಟ್ಟಿದ್ದವು.

ಬೆವರುವ ಗೋಡೆ

ಆ ಮನೆಯ ಕೋಣೆಗಳೆಲ್ಲ ಉದ್ದ, ಅಗಲವಿಲ್ಲ. ರೈಲು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಸುಣ್ಣ ಹಚ್ಚಿದಂತೆ. ಮಲಗಿ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ ಎಂದು ನಾನು ಊರಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಅಷ್ಟೇನಿಲ್ಲ, ಆದರೆ ನೀವೂ ಹಾಗೇ ಹೇಳಿ. ಉಪ್ಪುನೀರಿನಲ್ಲಿ ಬೆಳೆಯುವ ಒಂದು ಜಾತಿಯ ಮರವನ್ನು ಜಂತಿಗೆ ಹಾಕಿದ್ದಾರೆ. ಅದು ಅಷ್ಟೇ ಉದ್ದ ಸಿಗುತ್ತದೆ. ಅದಕ್ಕಿಂತ ಅಗಲದ ಕೋಣೆ ಕಟ್ಟಲು ಬರುವುದಿಲ್ಲ. ಸಾಹುಕಾರ ಎಷ್ಟೇ ದೊಡ್ಡವನಿದ್ದರೂ ಮರ ಹೇಳಿದಷ್ಟೇ ಮನೆ.

ಗೋಡೆ ಹವಳದ ಕಲ್ಲಿನದು. ಮೊಳಗಟ್ಟಲೆ ದಪ್ಪ. ಗಿಲಾವು ಉದುರಿದಲ್ಲಿ ಒಳಗೆ ಶಂಖ, ಚಿಪ್ಪು, ಮಿದುಳಿನ ಹಾಗೆ ಸುರುಳಿಯಾದ ಕಲ್ಲು ಕಾಣುತ್ತವೆ. ಒಂದು ಕಾಲಕ್ಕೆ ಜೀವ ಇದ್ದ ಗೋಡೆ. ಅದು ಬೆವರುತ್ತದೆ ಕೂಡ. ಮೋಡ ಕವಿದರೆ ಸಾಕು, ಗೋಡೆಯಿಂದ ಹನಿ ಇಳಿದು, ಒಣಗಿದ ಮೇಲೆ ಬಿಳಿ ಗೆರೆ ಉಳಿಯುತ್ತದೆ. ಶೋಧನೆಗಾಗಿ ನಾನು ನೆಕ್ಕಿ ನೋಡಿದೆ. ಉಪ್ಪು. ಕಾಕಿ ಅಡುಗೆಗೆ ಉಪ್ಪು ಕಡಿಮೆ ಹಾಕಿದ್ದರೆ ಒಂದು ತುತ್ತಿಗೊಮ್ಮೆ ಗೋಡೆ ನೆಕ್ಕಿದರೆ ಸರಿಹೋಗುತ್ತದೆ ಎಂದೆ. ಯಾರೂ ನಗಲಿಲ್ಲ.

ಸಮುದ್ರ ಏರಿದಾಗ ಗೋಡೆಯೊಳಗೆ ಸದ್ದಾಗುತ್ತಿತ್ತು. ಧಪ್, ಸುಯ್… ಧಪ್, ಸುಯ್. ನಮ್ಮ ಬೋರಗಾಂವದಲ್ಲಿ ಹಗಲೂರಾತ್ರಿ ಪಾವರ್‌ಲೂಮ್ ಖಟಪಟ ಅನ್ನುತ್ತದೆ. ಅದರ ಸದ್ದಿಗೆ ತೊಟ್ಟಿಲ ಕೂಸು ಮಲಗುತ್ತದೆ, ನಿಂತರೆ ಎದ್ದು ಅಳುತ್ತದೆ. ಇದು ಹಾಗಲ್ಲ. ಮಗ್ಗಕ್ಕೆ ಉಸಿರಿರುವುದಿಲ್ಲ. ಇದಕ್ಕೆ ಇತ್ತು.

ಬಂದ ದಿನವೇ, ಕಾಕಾ ಡ್ಯೂಟಿಗೆ ಹೋದ ಮೇಲೆ ನಾನು ಮೊಬೈಲಿನಲ್ಲಿ ಫೋಟೋ ಹೊಡೆಯಲು ಕೆಳಮನೆಗೆ ಇಳಿದೆ. ಅಲ್ಲಿಯ ಒಂದು ಕೋಣೆಯ ಗೋಡೆಯಲ್ಲಿ ಸಾಲಾಗಿ ಕಬ್ಬಿಣದ ಬಳೆಯಂಥ ಕಡೆಗಳಿದ್ದವು. ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಲು ಇರುತ್ತವಲ್ಲ, ಅಂಥವೇ. ಆದರೆ ನನ್ನ ಭುಜದಷ್ಟು ಎತ್ತರದಲ್ಲಿ. ಸಂಜೆ ಕಾಕಾ ಬಂದ ಕೂಡಲೇ, “ಕಾಕಾ, ಇಲ್ಲಿ ಎಮ್ಮಿ ಏನ ಒಂಟಿಯಷ್ಟ ಇದ್ದೂವನ? ಕಡೆ ಅಷ್ಟ ಮ್ಯಾಲ ಯಾಕ ಹಾಕ್ಯಾರ?” ಎಂದೆ.

ಕಾಕಾ ಶೂ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. “ಎಮ್ಮಿಗಲ್ಲ ಅವು. ಮೊದಲ ಈ ಮನಿಯಿಂದ ಲವಂಗಾ ಹೋಗ್ತಿತ್ತು. ಆನಿ ದಂತಾ ಹೋಗ್ತಿತ್ತು. ಮನಷ್ಯಾರೂ ಹೋಗ್ತಿದ್ರು. ಮಾರಾಕ.”

ನಾನು ಆ ಫೋಟೋ ಅಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಆಯಿ ಕಾಕಿಯ ತಲೆಗೆ ಎಣ್ಣೆ ಹಚ್ಚುತ್ತ, “ಈಗ ಹೇಳವಾ, ಏನ ಕೇಳಸ್ತೈತಿ?” ಎಂದು ಕೇಳಿದಳು.

“ಹಗಲಿನ್ಯಾಗ ಸಮುದ್ರ ಏರ್ತೈತಿ ನೋಡ್ರಿ, ಆವಾಗ. ಕೆಳಗಿಂದ ಒಂದ ದನಿ. ಹೊಡಿ ಅಂತೈತಿ. ಸ್ವಲ್ಪ ತಡದ ಮತ್ತ ಹೊಡಿ ಅಂತೈತಿ. ಮೂರ ಸಲಾ. ಆಮ್ಯಾಲ ಸುಮ್ನ. ದಿನಾ, ಅತ್ತಿ. ಒಂದ ದಿನಾನೂ ತಪ್ಪಂಗಿಲ್ಲ. ನಿನ್ನೆ ನೀವ ಬರೂದ್ರಾಗ ಆಗಿ ಹೋಗಿತ್ತು.”

“ಕನ್ನಡದಾಗ?” ಎಂದೆ ನಾನು.

“ಹೊಡಿ ಅನ್ನೂದು ಮತ್ಯಾವ ಭಾಷೆದಾಗ ಐತಿ?”

“ಯಾರನ್ನ ಹೊಡಿ ಅಂತಾರ?” ಎಂದು ಆಯಿ ಕೇಳಿದಳು.

ಕಾಕಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಆಫ್ರಿಕಾದ ದೆವ್ವಕ್ಕೆ ಕನ್ನಡ ಬರುತ್ತದೆಂದರೆ ನನಗೆ ಒಳಗೊಳಗೇ ಅಭಿಮಾನವೇ ಆಯಿತು. ಆದರೆ ಆ ದಿನ ನಾನು ಬಚ್ಚಲಿಗೆ ಹೋಗುವಾಗಲೂ ಹಾಡು ಹೇಳುತ್ತ ಹೋದೆ, ಗಟ್ಟಿಯಾಗಿ.

ಶುಕ್ರವಾರ

ಅಂದೇ ಮಧ್ಯಾಹ್ನ. ಊಟವಾಗಿತ್ತು. ಕಾಕಾ ಕಾರ್ಖಾನೆಗೆ ಹೋಗಿದ್ದ. ಮೋಡ ಎಷ್ಟು ಕೆಳಗೆ ಇಳಿದಿತ್ತೆಂದರೆ ಅಂಗಳದ ಬಾಯಿಗೆ ಯಾರೋ ಕಂಬಳಿ ಹೊದಿಸಿದಂತಿತ್ತು. ಗೋಡೆ ಧಪ್ ಅನ್ನತೊಡಗಿತು. ಕಾಕಿ ಮಾತಿನ ನಡುವೆ ನಿಲ್ಲಿಸಿ ಆಯಿಯ ಸೆರಗು ಹಿಡಿದಳು.

“ಹೋ…ಡೀ.”

ಆ ಅಂಗಳ ಒಂದು ಕಿವಿಯಿದ್ದಂತೆ. ಕೆಳಗೆ ಸೂಜಿ ಬಿದ್ದರೂ ಮೇಲೆ ನಿಮ್ಮ ಬೆನ್ನ ಹಿಂದೆ ಬಿದ್ದಂತೆ ಕೇಳುತ್ತದೆ. ದನಿ ನನ್ನ ಬೆನ್ನ ಹಿಂದೆ ಬಂತು. ನಾನು ಲಟ್ಟಣಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತೆ ಎಂದು ಗೆಳತಿಯರಿಗೆ ಹೇಳಿದ್ದೇನೆ. ಲಟ್ಟಣಿಗೆ ಹಿಡಿದದ್ದು ನಿಜ. ನಿಂತಿದ್ದು ಆಯಿಯ ಹಿಂದೆ.

“ಹೋ…ಡೀ.”

“ಕೇಳಿದ್ರ್ಯಾ ಅತ್ತಿ? ಕೇಳಿದ್ರ್ಯಾ?” ಕಾಕಿ ಹಿಡಿದ ಸೆರಗು ಜಗ್ಗಿದಳು.

ಮೂರನೆಯ ಸಲ ಬಂತು. ಆಯಿಗೆ ಸಿಟ್ಟು ಬಂತು. ಪಂಚಾಯ್ತಿ ನಳದ ಮುಂದೆ ಕೊಡ ಹಿಡಿದು ನಿಂತಾಗಿನ ದನಿ ತೆಗೆದು, ಅಂಗಳದೊಳಕ್ಕೆ ಬಾಗಿ ಕೂಗಿದಳು: “ಯಾರ್ಲೇ ಅಂವಾ? ಬಸರಿ ಹೆಣಮಗಳನ್ನ ಅಂಜಸ್ತಿ? ಕರಿಬ್ಯಾಡ! ಕರಿಬ್ಯಾಡ!”

ಕೆಳಗೆ ಬಾಗಿಲು ಕಿರ್ರೆಂದಿತು. ಆಮೇಲೆ ಚಪ್ಪಲಿ ಎಳೆಯುವ ಸದ್ದು. ಅದು ಮೆಟ್ಟಿಲು ಹತ್ತತೊಡಗಿತು. ಎತ್ತರದ ಮೆಟ್ಟಿಲಿಗೆ ನಿಲ್ಲುತ್ತಿತ್ತು, ಉಸಿರು ಬಿಡುತ್ತಿತ್ತು, ಗಿಡ್ಡ ಮೆಟ್ಟಿಲಿಗೆ ಬೇಗ ಬರುತ್ತಿತ್ತು. ಮೊದಲು ಒಂದು ಬುಟ್ಟಿ ಕಂಡಿತು. ಬುಟ್ಟಿಯ ಹಿಂದೆ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ.

ನಾನು ಕಿರುಚಲಿಲ್ಲ. ಬಾಯಿ ತಾನಾಗಿಯೇ ಕಿರುಚಿತು. ಕಪ್ಪು ಬಟ್ಟೆಯೂ ಕಿರುಚಿತು. ಬುಟ್ಟಿಯಿಂದ ಬಾಳೆಹಣ್ಣು ಉರುಳಿ ಮೆಟ್ಟಿಲಿಳಿದು ಹೋದವು.

ಆಕೆಯ ಹೆಸರು ಬೀ ಜುಹುರಾ. ಓಣಿಯ ಎದುರು ಮನೆಯ ಮುದುಕಿ. ‘ಬೀ’ ಅಂದರೆ ಅಲ್ಲಿ ನಮ್ಮ ‘ಅಕ್ಕಾರ’ ಇದ್ದಹಾಗೆ, ಮರ್ಯಾದೆಯ ಮಾತು. ನಮ್ಮ ಆಯಿ ಸಮಾಧಾನವಾದ ಮೇಲೆ ನಮ್ಮ ಕಡೆಯ ಸಲಿಗೆಯ ಮಾತಿನಲ್ಲಿ “ಕುಂದರ ಬೇ” ಎಂದಳು. ಆಕೆ ತನಗೆ ಮರ್ಯಾದೆ ಕೊಟ್ಟಳೆಂದು ಖುಷಿಯಾಗಿ ಕೂತಳು. ಹರೆಯದಲ್ಲಿ ಒಂದು ಗುಜರಾತಿ ಮನೆಯಲ್ಲಿ ಕೆಲಸಕ್ಕಿದ್ದವಳು, ಹಿಂದಿ ಬರುತ್ತಿತ್ತು. ಬುಟ್ಟಿಯಲ್ಲಿದ್ದುದನ್ನು ಆಯಿ ಅನುಮಾನದಿಂದ ನೋಡಿದಾಗ ಆಕೆಯೇ ಹೇಳಿದಳು: “ಜಮೀನ್ ಕೆ ಅಂದರ್ ಕಾ ಕುಛ್ ನಹೀ. ಸಬ್ ಪೇಡ್ ಕಾ.” ನಾವು ಗಡ್ಡೆ ತಿನ್ನುವುದಿಲ್ಲವೆಂದು ಅಷ್ಟು ದೂರದಲ್ಲಿ ಒಬ್ಬಳಿಗೆ ಗೊತ್ತಿತ್ತು. ಆಯಿ ಅರ್ಧ ಅಲ್ಲೇ ಕರಗಿದಳು.

ಆಮೇಲೆ ತಿಳಿಯಿತು. ಆ ದೇಶದಲ್ಲಿ ಓಣಿಯ ಬಾಗಿಲಿಗೆ ಹಗಲಿನಲ್ಲಿ ಅಗಳಿ ಹಾಕುವುದಿಲ್ಲ. ಆದರೆ ಯಾರೂ ಸುಮ್ಮನೆ ಒಳಗೆ ಬರುವುದೂ ಇಲ್ಲ. ಹೊರಗೆ ನಿಂತು “ಹೋಡಿ” ಎನ್ನಬೇಕು. ‘ಬರಲೇನು?’ ಎಂದು ಅದರ ಅರ್ಥ. ಮೂರು ಸಲ ಕೇಳಬೇಕು. ಒಳಗಿನಿಂದ “ಕರೀಬು” ಎಂದರೆ ಬಾ ಎಂದು. ಏನೂ ಅನ್ನದಿದ್ದರೆ ಬಂದ ದಾರಿ ಹಿಡಿಯಬೇಕು.

“ಎಷ್ಟು ಸಲ ಬಂದು ಕೇಳಿದೆ!” ಎಂದು ಬೀ ಜುಹುರಾ ಕಾಕಿಯತ್ತ ಬೆರಳು ಮಾಡಿ ಹಿಂದಿಯಲ್ಲಿ ದೂರಿದಳು. “ಬಸುರಿ ಹುಡುಗಿ, ಒಬ್ಬಳೇ ಇರುತ್ತಾಳೆ ಅಂತ ಬಂದೆ. ಇವಳು ಕರೀಬು ಅನ್ನಲೇ ಇಲ್ಲ. ಸೊಕ್ಕು ಅಂದುಕೊಂಡೆ. ಇವತ್ತು ನೋಡು, ಅಮ್ಮ ಎಷ್ಟು ಪ್ರೀತಿಯಿಂದ ಎರಡು ಸಲ ಕರೀಬು ಕರೀಬು ಅಂದರು!”

ನಾನು ಭಾಷಾಂತರ ಮಾಡಿದೆ. ಕಾಕಿ ನಕ್ಕಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಅತ್ತಳು. ಆಮೇಲೆ ಬಾಳೆಹಣ್ಣಿನ ಗೊನೆಯ ಅರ್ಧ ಮುಗಿಸಿದಳು.

ಸಂಜೆ ಕಾಕಾ ಬಂದಾಗ ಆಯಿ ತೀರ್ಮಾನ ಹೇಳಿದಳು: “ಹೊಡಿಲ್ಲ ಬಡಿಲ್ಲ. ಸುಜಾತಾ ಇಲ್ಲೇ ಹಡೀಲಿ.” ಕಾಕಿ ತಾನೇ ಎದ್ದು ಕಟ್ಟಿದ್ದ ಚೀಲ ಬಿಚ್ಚಿದಳು. ಕಾಕಾ ಆ ಖುಷಿಗೆ ನನಗೆ ಒಂದು ಎಳನೀರು ಕೊಡಿಸಿದ. ಕನ್ನಡದ ಮಾನ ಕಾಪಾಡಿದ್ದಕ್ಕೆ ಇನ್ನೊಂದು ಕೇಳಿ ಕುಡಿದೆ.

ಶನಿವಾರದ ಓಣಿಗಳು

ಮರುದಿನ ಊರು ತೋರಿಸಲು ಬೀ ಜುಹುರಾ ನಮ್ಮನ್ನು ಕರೆದೊಯ್ದಳು. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರು ಸೈಕಲ್ ಬಂದರೆ ಯಾರಾದರೊಬ್ಬರು ಯಾರದಾದರೂ ಮನೆಯೊಳಗೆ ಹೋಗಲೇಬೇಕು. ಪ್ರತಿ ಮನೆಗೂ ಹೊರಗೆ ಕಲ್ಲಿನ ಕಟ್ಟೆ, ಕಟ್ಟೆಯ ತುಂಬ ಮುದುಕರು. ಅದೊಂದು ಮಾತ್ರ ಚಿಕ್ಕೋಡಿಯಿಂದ ಎತ್ತಿ ತಂದಿಟ್ಟಂತಿತ್ತು. ಪೇಟೆಯಲ್ಲಿ ಲವಂಗದ ಚೀಲಗಳ ಸಾಲು. ನಿಪ್ಪಾಣಿಯ ತಂಬಾಕಿನ ವಖಾರಿಯ ಮುಂದೆ ಹೋದರೆ ಸೀನು ಬರುತ್ತದೆ, ಇಲ್ಲಿ ನಾಲಿಗೆ ಜುಮ್ಮೆನ್ನುತ್ತದೆ. ಯಾವ ಮನೆ ಮುಂದೆ ಹೋದರೂ “ಹೋಡಿ”, ಒಳಗಿನಿಂದ “ಕರೀಬು”. ಆಯಿ ಪ್ರತಿಯೊಂದಕ್ಕೂ ನಕ್ಕಳು.

ತಿರುಗಿ ಬರುವಾಗ ಸಮುದ್ರದ ದಂಡೆಯಿಂದ ನಮ್ಮ ಮನೆಯ ಬೆನ್ನು ಕಂಡಿತು. ಕಾರಿನ ಹಾಗೆ ಮನೆಗೂ ಮುಂದಿನ ಮುಖ, ಹಿಂದಿನ ಮುಖ ಬೇರೆ ಇರುತ್ತವೆ. ಮುಂದೆ ಅಷ್ಟೊಂದು ಮೊಳೆ, ಕೆತ್ತನೆ. ಹಿಂದೆ ಏನೂ ಇಲ್ಲ. ಬೋಳು ಗೋಡೆ, ಪಾಚಿ, ನಡುವೆ ಗಿಡ್ಡ ಬಾಗಿಲು. ಅದರ ಪಾವಟಿಗೆಗಳು ನೀರಿಗಿಳಿದು ಮಾಯವಾಗುತ್ತಿದ್ದವು. ಮೇಲಿನ ಪಾವಟಿಗೆ ನಡುವೆ ಸವೆದು ತಗ್ಗಾಗಿತ್ತು, ನಮ್ಮ ಬಸದಿಯ ಹೊಸ್ತಿಲಿನ ಹಾಗೆ.

ಬೀ ಜುಹುರಾ ಆ ಕಡೆ ನೋಡದೆ ನಡೆದಳು.

ರವಿವಾರ

ರವಿವಾರ ಸಂಜೆ ಕಾರ್ಖಾನೆಯ ಒಂದು ಮರಾಠಿ ಕುಟುಂಬ ಊರಿಗೆ ಹೊರಟಿತ್ತು. ಅವರ ಜೊತೆ ನಾವೂ ಹೊರಡುವುದು. ಮಧ್ಯಾಹ್ನ ಬೀ ಜುಹುರಾ ಬೀಳ್ಕೊಡಲು ಬಂದಳು. ಕೆಳಗಿನಿಂದ “ಹೋಡಿ” ಎಂದಳು, ಕಾಕಿ ಜೋರಾಗಿ “ಕರೀಬು ಬೇ” ಎಂದಳು, ಎಲ್ಲರೂ ನಕ್ಕೆವು. ಕಾಕಾ ಮನೆಯಲ್ಲೇ ಇದ್ದ. ಆಕೆ ಚಾಪೆಯ ಮೇಲೆ ಕೂತು ಕಾಕಿಯ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕತೊಡಗಿದಳು. ಗೋಡೆ ಧಪ್ ಅನ್ನುತ್ತಿತ್ತು. ಈಗ ಅದು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

“ಹೋ…ಡೀ.”

“ಬೀ ಜುಹುರಾ, ನಿನ್ನ ತಂಗಿ ಬಂದ್ಲು ನೋಡ,” ಎಂದೆ ನಾನು.

ಆಕೆಯ ಕೈ ಕಾಕಿಯ ಪಾದದ ಮೇಲೆ ನಿಂತಿತ್ತು.

ಕಾಕಾ ಎದ್ದು ಓಣಿಯ ಕಡೆಯ ಕಿಟಕಿಯಿಂದ ಇಣುಕಿದ. “ಯಾರೂ ಇಲ್ಲಲ್ಲ.”

“ಹೋ…ಡೀ.”

ಈ ಸಲ ದ್ಯಾಸವಿಟ್ಟು ಕೇಳಿದೆ. ದನಿ ಓಣಿಯ ಕಡೆಯದಲ್ಲ. ಅಂಗಳದ ಆಚೆ, ಆ ಉದ್ದನೆಯ ದಾರಿಯ ತುದಿಯಿಂದ ಬಂತು. ನೀರು ಏರಿ ಹಲಗೆ ಬಡಿದ ಬಾಗಿಲಿಗೆ ತಾಗುವ ಸದ್ದು, ಅದರ ಹಿಂದೆ ಈ ದನಿ. ಗಂಡಿನದೆಂದು ಹೇಳಲಾಗದು, ಹೆಣ್ಣಿನದೆಂದೂ ಹೇಳಲಾಗದು. ಸಿಟ್ಟಿಲ್ಲ. ಬಹಳ ದೂರ ನಡೆದು ಬಂದವರು ಕೇಳುವಂತೆ ಕೇಳಿತು.

ಬೀ ಜುಹುರಾ ತುಟಿಯ ಮೇಲೆ ಬೆರಳಿಟ್ಟಳು. ಮೂರನೆಯದು ಬಂತು. ಆಮೇಲೆ ನೀರು, ಬರೀ ನೀರು.

“ನೀನು ದಿನಾ ಬರ್ತಿದ್ದಿ ಅಲ್ಲಾ?” ಕಾಕಿ ಮೆಲ್ಲಗೆ ಕೇಳಿದಳು. ನಾನು ಹಿಂದಿಯಲ್ಲಿ ಹೇಳಿದೆ. ನನ್ನ ಹಿಂದಿ ಅಂದು ಅಷ್ಟೊಂದು ಚೆನ್ನಾಗಿ ಬರಲಿಲ್ಲ.

“ನಾನು ಬರುತ್ತಿದ್ದುದು ಶುಕ್ರವಾರ ಮಾತ್ರ,” ಎಂದಳು ಬೀ ಜುಹುರಾ. “ನಮಾಜು ಮುಗಿದ ಮೇಲೆ.”

ಉಳಿದ ದಿನ ಕೇಳುವವರು ಯಾರೆಂದು ಆಕೆಯೇ ಹೇಳಿದಳು. ಆ ಬಾಗಿಲಿನಿಂದ ಹಡಗು ಹತ್ತಿಸಿದವರು ಯಾರೂ ತಿರುಗಿ ಬರಲಿಲ್ಲ. ಅವರು ಈ ಊರಿನ ಮಣ್ಣು ತುಳಿದದ್ದು ಅಲ್ಲೇ ಕೊನೆ. ಅದಕ್ಕೇ ಅಲ್ಲಿಗೇ ಬಂದು ಕೇಳುತ್ತಾರೆಂದು ಆಕೆಯ ಅಜ್ಜಿ ಹೇಳುತ್ತಿದ್ದಳಂತೆ. ಉತ್ತರ ಕೊಡದಿದ್ದರೆ ಮೂರು ಸಲ ಕೇಳಿ ಹೋಗುತ್ತಾರೆ. ಅವರ ಕಾಲದ ರೀತಿ ಅವರು ಬಿಟ್ಟಿಲ್ಲ.

ಕಾಕಾ ಕಿಟಕಿ ಮುಚ್ಚಿ ಅಗಳಿ ಹಾಕಿದ. ಫೋನಿನಲ್ಲಿ ಅಷ್ಟು ಗಟ್ಟಿಯಾಗಿ “ಏನೂ ಇಲ್ಲವ್ವಾ” ಎಂದವನು ಅವನೇ. “ಸುಜಾತಾ, ಚೀಲಾ ಕಟ್ಟ. ಇವರ ಕೂಡ ಹೋಗಿಬಿಡ. ಎರಡ ವರ್ಷ ಹೋದ್ರ ಹೋಗ್ಲಿ. ಕೂಸಿನ ಮಾರಿ ಫೋಟೋದಾಗ ನೋಡ್ತೇನಿ.”

ಕಾಕಿ ಎದ್ದಳು. ಚೀಲದ ಕಡೆ ಹೋಗುತ್ತಾಳೆಂದುಕೊಂಡೆ. ಅವಳು ಅಂಗಳದ ಮೇಲಿನ ಕಟಾಂಜನದ ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತಳು.

“ನಾ ಬಂದಾಗಿಂದ ದಿನಾ ಕೇಳಾಕತ್ತೈತಿ ಅದು,” ಎಂದಳು. “ಒಂದ ದಿನಾರ ಒಳಗ ಬಂದೈತ್ಯಾ? ನಮ್ಮ ಐನಾಪುರದಾಗ ಮಂದಿ ಕೇಳತಾರನ? ಬಾಜೂ ಮನಿ ಮುದಕಿ ಸೀದಾ ಅಡಗಿಮನಿಗೆ ಬಂದ ಗಡಿಗಿ ಮುಚ್ಚಳಾ ತಗದ ನೋಡ್ತಾಳ. ಎರಡ ಸಲಾ ನಂದ ಬಸರ ಹ್ವಾದಾಗ ಯಾಕ ಹೋತು, ಹೆಂಗ ಹೋತು ಅಂತ ಹಾಸಿಗಿ ತನಕಾ ಬಂದ ಕೇಳಿದ್ರು. ಯಾರೂ ಒಳಗ ಬರ್ಲ್ಯಾ ಅಂತ ಕೇಳಲಿಲ್ಲ.” ಅವಳು ಕಾಕಾನ ಕಡೆ ತಿರುಗಿದಳು. “ನಾ ಹೊಡಿ ಅಂತೈತಿ ಅಂತ ಅಂಜಿದ್ನಿ. ಅದು ಬರ್ಲ್ಯಾ ಅನ್ನಾಕತ್ತೈತಿ. ನಾ ಎಲ್ಲೂ ಹೋಗಂಗಿಲ್ಲ.”

ಆಯಿ ತನ್ನ ಚೀಲ ಎಳೆದುಕೊಂಡು, ನೀರು ಸೋಸುವ ಬಿಳಿ ಬಟ್ಟೆ ಹೊರತೆಗೆದು, ಕೊಡದ ಬಾಯಿಗೆ ಕಟ್ಟಿದಳು. ಮೂರು ತಿಂಗಳಿಗೆ ಸಾಲುವಷ್ಟು ಹಿಂಡಿ ತಂದಿದ್ದಳೆಂದು ಆಗ ನಮಗೆ ಗೊತ್ತಾಯಿತು.

ಹೀಗಾಗಿ ನಾನೊಬ್ಬಳೇ ಹೊರಟೆ. ಕಾಕಾ ನನ್ನ ಚೀಲ ಹಿಡಿದು ಮುಂದೆ ಹೋಗಿದ್ದ. ಹೊಸ್ತಿಲಲ್ಲಿ ಕಾಲು ನಿಂತಿತು. ಹಿಂದೆ ಕತ್ತಲೆ, ಅದರ ತುದಿಗೆ ಬಾಗಿಲ ಕೆಳಗಿನ ಅಲ್ಲಾಡುವ ಬೆಳಕು. ಬರುವಾಗ ಅನ್ನದವಳು ಹೋಗುವಾಗ ಏನೆನ್ನುವುದು? ಆದರೂ ಅತ್ತಿತ್ತ ಯಾರೂ ಇಲ್ಲದ್ದನ್ನು ನೋಡಿ, “ಅಸ್ಸಹಿ, ಅಸ್ಸಹಿ, ಅಸ್ಸಹಿ,” ಎಂದೆ. ಬಾಗಿಲ ಕೆಳಗಿನ ಬೆಳಕು ಅಲ್ಲಾಡುವುದನ್ನು ನಿಲ್ಲಿಸಿತು. ಅಲೆ ಹಿಂದೆ ಸರಿದಿರಬೇಕು. ನಾನು ನೋಡಲು ನಿಲ್ಲಲಿಲ್ಲ, ನಡೆದೇ ಹೋದೆ. ಆ ನಡಿಗೆಯ ವೇಗದ ಬಗ್ಗೆ ಕಾಕಾ ಊರಿಗೆ ಫೋನ್ ಮಾಡಿ ಹೇಳಿದ್ದೆಲ್ಲ ಸುಳ್ಳು.

ಬೋರಗಾಂವ

ಕಾಕಿಗೆ ಹೆಣ್ಣುಮಗು ಹುಟ್ಟಿತು. ದವಾಖಾನೆಯಲ್ಲಿ, ಸುಸೂತ್ರ. ಬಾಣಂತನ ಮುಗಿಸಿ ಆಯಿ ತಿರುಗಿ ಬಂದಳು. ನಾನು ಕಾಲೇಜಿನಲ್ಲಿ ಈ ಕಥೆಯನ್ನು ಹೇಳಿ ಹೇಳಿ, ಆನೆ ಇಲ್ಲದ ದ್ವೀಪಕ್ಕೆ ಒಂದೆರಡು ಆನೆ ಸೇರಿಸಿದ್ದೇನೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತಿದ್ದವು. ಆಯಿ ನನ್ನ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕಾಕಿಯ ಫೋನ್ ಬಂತು.

“ಕೂಸಿಗೆ ಮಾತ ಬಂದ್ವನ ಕಾಕಿ? ಅವ್ವಾ ಅಂತೈತ್ಯಾ?”

“ಎಲ್ಲಿ ಅವ್ವಾ? ಒಂದ ಮಾತ ಬಂದೈತಿ. ಸಮುದ್ರ ಏರಿದ ಕೂಡಲೇ ಕಟಾಂಜನಕ್ಕ ತೆವಳಕೋತ ಹೋಗಿ, ಕೆಳಗ ನೋಡಿ, ಕಯೀಬು ಅಂತೈತಿ. ಬೀ ಜುಹುರಾಗ ನಾವ ಅನ್ನೂದ ಕೇಳಿ ಕಲತೈತಿ.”

“ಮತ್ತ ಆ ದನಿ?”

“ಈಗ ಬರಂಗಿಲ್ಲ ಅದು. ಕೂಸು ಕಯೀಬು ಅಂದ ದಿನದಿಂದ ಬಂದಿಲ್ಲ,” ಎಂದಳು ಕಾಕಿ, ನಮ್ಮ ಓಣಿಯ ಯಾರದೋ ಸುದ್ದಿ ಹೇಳುವಂತೆ. “ಇನ್ನ ಯಾಕ ಕೇಳ್ತಾರ?”

ಅವಳ ಹಿಂದೆ ಕೂಸು ಕಿಲಕಿಲ ನಗುತ್ತಿತ್ತು. ಯಾರಾದರೂ ಎತ್ತಿ ಎತ್ತಿ ಆಡಿಸಿದರೆ ಕೂಸು ನಗುತ್ತದಲ್ಲ, ಉಸಿರು ಕಟ್ಟಿ, ಬಿಟ್ಟು, ಮತ್ತೆ ಕಟ್ಟಿ, ಹಾಗೆ.

“ಕಾಕಾ ಮನ್ಯಾಗ ಅದಾನ?”

“ಇಲ್ಲ, ಡ್ಯೂಟಿಗೆ ಹೋಗ್ಯಾರ.”

“ಹಂಗಾರ ಬೀ ಜುಹುರಾ ಬಂದಾಳ?”

ಕಾಕಿ ಉತ್ತರ ಕೊಡುವ ಮೊದಲೇ ಲೈನು ಹೋಯಿತು. ಆಯಿ ಶೇಂಗಾ ಸುಲಿಯುವುದು ಬಿಟ್ಟು ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಂದು ಮಂಗಳವಾರ.